ಮುತ್ಯಾನ ರೇಜರು

ಈಗ ಬೀದರ ನಗರದೊಡನೆ ಸೇರಿಹೋಗಿರುವ ಚಿದ್ರಿಯ ನಮ್ಮ ಮನೆಯಲ್ಲಿ ಮುತ್ಯಾ ಬಳಸುತ್ತಿದ್ದ ಸೇಫ್ಟಿ ರೇಜರೊಂದು ಉಂಟು. ರೇಜರು ಉಂಟು ಎನ್ನುವುದಕ್ಕಿಂತ ಅದರ ಹಿಡಿಕೆ ಉಂಟು ಎಂದರೆ ಸರಿಯಾದೀತು. ಬ್ಲೇಡನ್ನು ಹಿಡಿದಿಡುವ ತಲೆಯ ಭಾಗವನ್ನು, ಹೈಸ್ಕೂಲು ಮುಗಿಸಿದ ವರ್ಷದ ಬೇಸಿಗೆಯಲ್ಲಿ, ನಾನೇ ಕೈಯಾರೆ ಕೆಡಿಸಿದೆನು. ಹಿತ್ತಾಳೆಯ ಸಮೆಗಳನ್ನು ಅವ್ವ ಹುಣಿಸೆಹಣ್ಣಿನಿಂದ ತಿಕ್ಕಿ ಬಂಗಾರದಂತೆ ಹೊಳೆಯಿಸುತ್ತಿದ್ದುದನ್ನು ಕಂಡಿದ್ದ ನಾನು, ಮಸುಕಾಗಿದ್ದ ರೇಜರನ್ನು ಬಿಚ್ಚಿ ರಾತ್ರಿಯಿಡೀ ಹುಣಿಸೆಯ ನೀರಿನಲ್ಲಿ ನೆನೆಯಿಟ್ಟೆ. ಬೆಳಗಾಗುವಷ್ಟರಲ್ಲಿ ತಲೆಯ ಸುತ್ತ ಸಣ್ಣ ಗುಳ್ಳೆಗಳು ಕವಿದಿದ್ದವು. ಹೊಳೆಯುವ ಹೊರಪದರವು ಸಿಪ್ಪೆಯಂತೆ ಎದ್ದಿತ್ತು. ಅದರ ಕೆಳಗೆ ಬೂದುಬಣ್ಣದ ಕುಳಿಗಳು. ಹಿಡಿಕೆಯಾದರೋ ಕೊಂಚ ಮಂಕಾದುದನ್ನು ಬಿಟ್ಟರೆ ಇದ್ದಂತೆಯೇ ಇತ್ತು. ಅದೇ ನೀರು, ಅದೇ ರಾತ್ರಿ. ಫಲ ಮಾತ್ರ ಬೇರೆ ಬೇರೆ.

ಈ ಭೇದಕ್ಕೆ ಕಾರಣವನ್ನು ಹೈಸ್ಕೂಲಿನ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಸತುವಿನ ಚೂರುಗಳಿಗೆ ದುರ್ಬಲಗೊಳಿಸಿದ ಆಮ್ಲವನ್ನು ಸುರಿದರೆ ಹೈಡ್ರೋಜನ್ ಅನಿಲ ಹೊರಡುವುದನ್ನು ಪ್ರಯೋಗಶಾಲೆಯಲ್ಲಿ ನೋಡದವರು ಯಾರು? ನನ್ನ ಬಟ್ಟಲಿನಲ್ಲಿ ನಡೆದುದೂ ಅದೇ ಪ್ರಯೋಗ. ಹಿಡಿಕೆ ಹಿತ್ತಾಳೆಯದು, ತಲೆಯೋ ಸತುವಿನ ಎರಕ. ಪರೀಕ್ಷೆಯಲ್ಲಿ ಈ ಸಮೀಕರಣವನ್ನು ತಪ್ಪಿಲ್ಲದೆ ಬರೆದು ಅಂಕ ಪಡೆದಿದ್ದ ನನಗೆ, ಅದೇ ಸಮೀಕರಣವು ಮನೆಯ ಬಟ್ಟಲಲ್ಲಿ ಎದುರಾದಾಗ ಗುರುತು ಸಿಗಲಿಲ್ಲ.

ಅಮೆರಿಕದ ಗಿಲೆಟ್ ಎಂಬಾತನು ತೆಳುವಾದ, ಬದಲಾಯಿಸಬಹುದಾದ ಬ್ಲೇಡಿನ ರೇಜರನ್ನು ಮಾರಾಟಕ್ಕೆ ತಂದುದು 1903ರಲ್ಲಿ. ಆ ವರ್ಷ ಮಾರಾಟವಾದವು 51 ರೇಜರುಗಳು ಮಾತ್ರ. ಅಂದಿನ ರೇಜರುಗಳು ಬಹುತೇಕ ಹಿತ್ತಾಳೆಯವು. ಮೇಲೆ ಬೆಳ್ಳಿ, ಚಿನ್ನ ಅಥವಾ ನಿಕ್ಕಲಿನ ಗಿಲೀಟು. ಕಾಲಕ್ರಮದಲ್ಲಿ ನೂರಕ್ಕೆ ಸುಮಾರು 4 ಭಾಗ ಅಲ್ಯೂಮಿನಿಯಂ ಬೆರೆತ ಸತುವಿನ ಮಿಶ್ರಲೋಹವು ಬಳಕೆಗೆ ಬಂದಿತು. ಅಚ್ಚಿಗೆ ಸುಲಭವಾಗಿ ಹರಿಯುವ, ಬೆಲೆಯೂ ಕಡಮೆಯಾದ ಲೋಹವದು. ಅದರ ಮೇಲೆ ಕ್ರೋಮಿಯಂ ಲೇಪವನ್ನು ಕೊಟ್ಟರೆ ಕಣ್ಣಿಗೆ ಎರಡೂ ಒಂದೇ ತೆರ.

ಸತುವಿನ ಬಕೆಟ್ಟು ಎಂದು ನಾವು ಕರೆಯುವ ಪಾತ್ರೆಯಲ್ಲಿ ಒಳಗಿರುವುದು ಕಬ್ಬಿಣ, ಹೊರಗಿರುವುದು ಸತು. ಗೀರು ಬಿದ್ದರೂ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ರೇಜರಿನ ತಲೆಯಲ್ಲಿ ವ್ಯವಸ್ಥೆ ತಿರುವುಮುರುವು. ಸವೆಯುವ ಸತು ಒಳಗೆ, ಗಟ್ಟಿ ಲೋಹ ಹೊರಗೆ. ಲೇಪದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದರ ಮೂಲಕ ನುಗ್ಗಿದ ತೇವವು ಹೊರಪದರವನ್ನು ಉಳಿಸಿ ಒಡಲನ್ನು ತಿನ್ನುತ್ತದೆ. ಮೇಲೆ ಗುಳ್ಳೆ ಎದ್ದುದು ಕಾಣುವ ವೇಳೆಗೆ ಒಳಗೆ ಕುಳಿ ಬಿದ್ದಿರುತ್ತದೆ.

ಈ ಪಾಠವನ್ನು ಕಲಿಯಲು ಬೀದರಿನವನಾದ ನಾನು ದೂರ ಹೋಗಬೇಕಾಗಿರಲಿಲ್ಲ. ನಮ್ಮೂರಿಗೆ ಹೆಸರು ತಂದ ಬಿದರಿ ಪಾತ್ರೆಗಳ ಒಡಲೂ ನೂರಕ್ಕೆ 90ಕ್ಕಿಂತ ಹೆಚ್ಚು ಸತುವೇ, ಉಳಿದುದು ತಾಮ್ರ. ಅದರಲ್ಲಿ ಬೆಳ್ಳಿಯನ್ನು ಕೂರಿಸಿ, ಕೋಟೆಯ ಹಳೆಯ ಕಟ್ಟಡಗಳೊಳಗಿನ ಮಣ್ಣನ್ನೂ ನವಸಾಗರವನ್ನೂ ಬೆರೆಸಿ ಕುದಿಸಿದ ನೀರಿನಲ್ಲಿ ಅದ್ದಿದರೆ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಬಲು ತೆಳುವಾದ ಪದರ. ಬಿದರಿ ಹೂದಾನಿಯನ್ನು ಹುಣಿಸೆಹಣ್ಣಿನಿಂದ ತಿಕ್ಕಿದವನು ಕೊಳೆಯನ್ನಲ್ಲ, ಕಲೆಯನ್ನೇ ತೊಳೆದುಬಿಡುತ್ತಾನೆ. ಈ ಕಲೆಯ ಕುಶಲಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ದೊರೆತಾಗ ಊರೆಲ್ಲ ಹಿಗ್ಗಿತು. ಆದರೆ ಲೋಹದ ಸ್ವಭಾವವನ್ನರಿತು ಅದನ್ನು ಮುಟ್ಟುವ ಅವರ ವಿವೇಕವು ನಮ್ಮ ಮನೆಗಳ ಬಚ್ಚಲಿನವರೆಗೆ ಬಂದಂತಿಲ್ಲ.

ನನ್ನ ತಕರಾರು ಇರುವುದು ಹೊಳಪಿನ ಮೋಹದೊಡನೆ. ಹಳೆಯ ವಸ್ತುವೊಂದು ಕೈಗೆ ಸಿಕ್ಕೊಡನೆ ಅದನ್ನು ಹೊಸದರಂತೆ ಮಿನುಗಿಸಬೇಕೆಂಬ ಹಟ ನಮ್ಮಲ್ಲಿ ಬಹಳ. ಬೂದಿ, ಟೂತ್‌ಪೇಸ್ಟು, ಉಕ್ಕಿನ ನಾರು ಇವೆಲ್ಲವೂ ಹೊಳಪನ್ನು ತರುವುದು ಮೇಲ್ಮೈಯನ್ನು ಕೆರೆದು. ನಿಕ್ಕಲಿನ ಗಿಲೀಟಾದರೋ ಕಾಗದಕ್ಕಿಂತ ಎಷ್ಟೋ ತೆಳುವು. ನಾಲ್ಕು ಸಲ ತಿಕ್ಕಿದರೆ ಅಂಚುಗಳಲ್ಲಿ ಹಳದಿ ಹಿತ್ತಾಳೆ ಇಣುಕುತ್ತದೆ. ಕೊಳೆ ಹೋಗಬೇಕು, ನಿಜ. ಮಸುಕು ಹೋಗಲೇಬೇಕೆಂಬ ನಿಯಮವೇನೂ ಇಲ್ಲ.

ಆದುದರಿಂದ ಮೊದಲು ಲೋಹವನ್ನು ಗುರುತಿಸಬೇಕು. ತಿರುಪಿನ ಎಳೆಗಳಲ್ಲಿ, ಸವೆದ ಅಂಚಿನಲ್ಲಿ ಹಳದಿ ಕಂಡರೆ ಹಿತ್ತಾಳೆ. ಬೂದು ಕಂಡರೆ ಸತುವೆಂದು ಶಂಕಿಸಬಹುದು. ಕೈಗೆ ತೀರ ಹಗುರವೆನಿಸಿದರೆ ಅಲ್ಯೂಮಿನಿಯಂ. ಅನುಮಾನವಿದ್ದಲ್ಲಿ ಸತುವೆಂದೇ ಭಾವಿಸಿ ನಡೆಯುವುದು ಕ್ಷೇಮ. ಹಳೆಯ ಬ್ಲೇಡು ಒಳಗೇ ಉಳಿದಿರಬಹುದು; ಹರಿತವಿಲ್ಲದ ಕಿರಿಯ ತುದಿಗಳನ್ನು ಹಿಡಿದು ಅದನ್ನು ಮೊದಲು ತೆಗೆಯಬೇಕು. ಬಳಿಕ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ, ಕಾಲು ಗಂಟೆ, ಹಲ್ಲುಜ್ಜುವ ಮೆತ್ತನೆಯ ಹಳೆಯ ಬ್ರಷ್ಷು—ಬಹುಪಾಲು ಕೆಲಸಕ್ಕೆ ಇಷ್ಟು ಸಾಕು. ಸಂದುಗಳಲ್ಲಿ ಬೆಳ್ಳಗೆ ಕಟ್ಟಿದ ಕರೆ ಸಾಮಾನ್ಯವಾಗಿ ಗಡಸುನೀರಿನ ಕ್ಯಾಲ್ಸಿಯಂ ಸಾಬೂನಿನೊಡನೆ ಕೂಡಿ ಉಂಟಾದುದು. ಅದು ನೀರಿನಲ್ಲಿ ಕರಗದಾದರೂ ನೆನೆದರೆ ಬ್ರಷ್ಷಿಗೆ ಬಿಟ್ಟುಕೊಡುತ್ತದೆ. ಕುದಿಯುವ ನೀರು ಬೇಡ. ಸೆಲ್ಯುಲಾಯ್ಡಿನ ಹಿಡಿಕೆಯಾದರೆ ಸೊಟ್ಟಗಾಗುತ್ತದೆ. ಅಲ್ಯೂಮಿನಿಯಮ್ಮಿಗೆ ವಾಷಿಂಗ್ ಸೋಡಾ ಶತ್ರು. ತೊಳೆದ ಮೇಲೆ ಚೆನ್ನಾಗಿ ಒರಸಿ, ಒಣಗಿಸಿ, ತಿರುಪಿಗೆ ಹೊಲಿಗೆಯಂತ್ರದ ಎಣ್ಣೆಯನ್ನು ಒಂದು ಹನಿ ಬಿಡುವುದು.

ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿದರೆ ಕ್ರಿಮಿಗಳೆಲ್ಲ ಸಾಯುವುವೆಂದು ಕೆಲವರು ಹೇಳುತ್ತಾರೆ. ಅದು ಲೋಹವನ್ನೂ ತಿನ್ನುತ್ತದೆ. ಅದಕ್ಕಿಂತ ಭಯಂಕರವಾದುದು ಅದರೊಡನೆ ವಿನಿಗರನ್ನೋ ಮತ್ತಾವ ಆಮ್ಲವನ್ನೋ ಬೆರೆಸುವ ಸಾಹಸ. ಕಿರಿದಾದ ಬಚ್ಚಲುಮನೆಯಲ್ಲಿ ಕ್ಲೋರಿನ್ ಅನಿಲವು ಪ್ರಾಣಕ್ಕೇ ಎರವಾದೀತು. ತೊಳೆದ ರೇಜರನ್ನು ನೂರಕ್ಕೆ 70ರ ಆಲ್ಕೋಹಾಲಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಕೆಲಹೊತ್ತು ನೆನೆಸಿಡಬಹುದು. ಶುದ್ಧ ಆಲ್ಕೋಹಾಲಿಗಿಂತ ನೀರು ಬೆರೆತುದೇ ಮೇಲು. ಸೂಕ್ಷ್ಮಜೀವಿಗಳ ಪ್ರೋಟೀನನ್ನು ಕೆಡಿಸಲು ನೀರೂ ಬೇಕು. ಚಿನ್ನದ ಗಿಲೀಟಿನ ಮೇಲೆ ಅರಗಿನಂಥ ರಕ್ಷಾಲೇಪವಿದ್ದರೆ ಆಲ್ಕೋಹಾಲು ಅದನ್ನು ಕರಗಿಸೀತೆಂಬುದು ನೆನಪಿರಲಿ. ಎಷ್ಟೇ ತೊಳೆದರೂ ಬ್ಲೇಡು ಮಾತ್ರ ಹೊಸದೇ ಆಗಬೇಕು, ಒಬ್ಬರ ರೇಜರನ್ನು ಇನ್ನೊಬ್ಬರು ಬಳಸಲೂಬಾರದು. ಹೆಪಟೈಟಿಸ್-ಬಿ ವೈರಸ್ಸು ಒಣಗಿದ ರಕ್ತದಲ್ಲಿ 7 ದಿನಗಳವರೆಗೂ ಸೋಂಕುವ ಶಕ್ತಿಯನ್ನು ಉಳಿಸಿಕೊಳ್ಳಬಲ್ಲದು.

ಇಷ್ಟೆಲ್ಲ ತೊಡಕೇಕೆ, ಪ್ಲಾಸ್ಟಿಕ್ಕಿನ ರೇಜರನ್ನು ಕೊಂಡು ಎಸೆದರಾಯಿತು ಎಂಬ ಮಾತನ್ನು ನನ್ನ ಮಗನೇ ಆಡುತ್ತಾನೆ. ಉಕ್ಕೂ ಪ್ಲಾಸ್ಟಿಕ್ಕೂ ಬೆಸೆದುಕೊಂಡ ಆ ವಸ್ತುವನ್ನು ಬೇರ್ಪಡಿಸಿ ಮತ್ತೆ ಬಳಸುವುದು ಕಷ್ಟ. ಹಳೆಯ ರೇಜರಿನಲ್ಲಿ ಎಸೆಯಬೇಕಾದುದು ತೆಳುವಾದ ಒಂದು ಉಕ್ಕಿನ ಹಾಳೆ ಮಾತ್ರ. ಅದನ್ನಾದರೂ ಕಸದ ಬುಟ್ಟಿಗೆ ಬಿಡಿಯಾಗಿ ಹಾಕುವುದು ಅಪರಾಧವೆಂದೇ ನಾನು ಭಾವಿಸುತ್ತೇನೆ. ಆ ಕಸವನ್ನು ಕೈಯಿಂದ ಬೇರ್ಪಡಿಸುವವರು ಪೌರಕಾರ್ಮಿಕರು. ನಮ್ಮ ಬಚ್ಚಲಿನ ಗೂಡಿನಲ್ಲಿ ಮುಚ್ಚಳಕ್ಕೆ ಸೀಳು ಕೊರೆದ ತಗಡಿನ ಡಬ್ಬಿಯೊಂದಿದೆ. ಹಳೆಯ ಬ್ಲೇಡುಗಳೆಲ್ಲ ಅದರೊಳಗೆ ಬೀಳುತ್ತವೆ. ತುಂಬಿದ ದಿನ ಸೀಳನ್ನು ಭದ್ರವಾಗಿ ಮುಚ್ಚಿ, ಒಳಗೇನಿದೆಯೆಂದು ಮೇಲೆ ಬರೆದು ಕೊಡಬೇಕೆಂದಿದ್ದೇನೆ. ಎರಡು ವರ್ಷವಾದರೂ ಅದು ಅರ್ಧ ತುಂಬಿಲ್ಲ.