ಆರ್ಗನಾಯ್ಡ್‌ಗೆ ಯಾವ ಪ್ರಶ್ನೆ ಕೇಳಬೇಕು?

ಪ್ರಾಣಿಗಳ ಮೇಲಿನ ಔಷಧ ಪರೀಕ್ಷೆ ನಿಲ್ಲಬೇಕು ಎನ್ನುವವರು 2006ರ ಲಂಡನ್ ಪ್ರಕರಣವನ್ನು ತಪ್ಪದೇ ನೆನಪಿಸುತ್ತಾರೆ. ಟಿಜಿಎನ್‌1412 ಎಂಬ ಪ್ರತಿಕಾಯ ಔಷಧವನ್ನು ಮಂಗಗಳು ಸಲೀಸಾಗಿ ತಾಳಿಕೊಂಡಿದ್ದವು. ಮಂಗಗಳಿಗೆ ಕೊಟ್ಟ ಪ್ರಮಾಣದ 500ರಲ್ಲಿ ಒಂದು ಪಾಲಿನಷ್ಟನ್ನು ಪಡೆದ ಆರೂ ಸ್ವಯಂಸೇವಕರು ತೀವ್ರ ನಿಗಾ ಘಟಕ ಸೇರಿದರು. ಪ್ರಾಣಿ ಪರೀಕ್ಷೆಯ ಸೋಲಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಪರ್ಯಾಯವೆಂದು ಮುಂದಿಡುತ್ತಿರುವ ಆರ್ಗನಾಯ್ಡ್‌ಗಳು, ಅಂದರೆ ಮನುಷ್ಯರ ಕಾಂಡಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಕಿರು ಅಂಗರೂಪಗಳು, ಆ ಅಪಾಯವನ್ನು ಮೊದಲೇ ಹೇಳುತ್ತಿದ್ದವೇ? ಬರೀ ಕರುಳಿನ ಕೋಶಗಳ ಆರ್ಗನಾಯ್ಡ್ ಹೇಳುತ್ತಿರಲಿಲ್ಲ. ಅಂದು ಕೆರಳಿದ್ದು ರೋಗನಿರೋಧಕ ವ್ಯವಸ್ಥೆ, ಇದರಲ್ಲಿ ಅದು ಇಲ್ಲವೇ ಇಲ್ಲ. ಹಾಗಾಗಿ ಇವನ್ನು ಪ್ರಾಣಿಯ ಜಾಗದಲ್ಲಿ ಸಾರಾಸಗಟಾಗಿ ಕೂರಿಸುವ ಅವಸರ ಬೇಡ. ಇವು ಚೆನ್ನಾಗಿ ಉತ್ತರಿಸಬಲ್ಲ ಪ್ರಶ್ನೆಗಳನ್ನು ಒಂದೊಂದಾಗಿ ಗುರುತಿಸಿ ಮಾನ್ಯತೆ ಕೊಡುವುದೇ ಸರಿಯಾದ ದಾರಿ.

ಅದು ಹೇಗೆಂಬುದನ್ನು ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಕೋಶದ ಹೊರಪೊರೆಯಲ್ಲಿ ಕ್ಲೋರೈಡ್ ಹಾಯುವ ಸಿಎಫ್‌ಟಿಆರ್ ಎಂಬ ದಾರಿ ಕೆಟ್ಟಿರುತ್ತದೆ. ಆ ಜೀನ್‌ನಲ್ಲಿ 2,000ಕ್ಕೂ ಹೆಚ್ಚು ಬಗೆಯ ವ್ಯತ್ಯಾಸಗಳಿವೆ. ಕೆಲವು ಬೆರಳೆಣಿಕೆಯ ಜನರಲ್ಲಷ್ಟೇ ಕಾಣುತ್ತವೆ. ಅಂಥವರಿಗಾಗಿ ಕ್ಲಿನಿಕಲ್ ಟ್ರಯಲ್ ನಡೆಸುವುದು ಕಷ್ಟ. 2013ರಲ್ಲಿ ಅವರು ಪ್ರಕಟಿಸಿದ ವಿಧಾನ ಇದಕ್ಕೆ ಉಪಾಯ ಒದಗಿಸಿತು. ರೋಗಿಯ ಗುದನಾಳದಿಂದ ಚಿಟಿಕೆಯಷ್ಟು ಅಂಗಾಂಶ ತೆಗೆದು ಆರ್ಗನಾಯ್ಡ್ ಬೆಳೆಸಿ, ಅದಕ್ಕೆ ಫೋರ್‌ಸ್ಕೋಲಿನ್ ಎಂಬ, ಆ ದಾರಿ ತೆರೆಸುವ ರಾಸಾಯನಿಕ ಹಾಕುತ್ತಾರೆ. ಆರೋಗ್ಯವಂತರ ಆರ್ಗನಾಯ್ಡ್‌ನೊಳಕ್ಕೆ ಕ್ಲೋರೈಡ್ ಬೆನ್ನಿಗೇ ನೀರು ನುಗ್ಗಿ ಅದು ಬಲೂನಿನಂತೆ ಉಬ್ಬುತ್ತದೆ, ರೋಗಿಯದು ಅಷ್ಟಾಗಿ ಉಬ್ಬುವುದಿಲ್ಲ. ಔಷಧ ಬೆರೆಸಿದ ಮೇಲೆ ಉಬ್ಬಿತೆಂದರೆ, ಆ ರೋಗಿಗೆ ಅದು ನಾಟುವ ಸಂಭವ ಹೆಚ್ಚು. ಈ ಕಾಯಿಲೆ ಇಂಥ ಒಂದೇ ದಾರಿಯ ದೋಷದಿಂದ ಬರುತ್ತದೆ, ಪರೀಕ್ಷೆಯೂ ಅದನ್ನೇ ಅಳೆಯುತ್ತದೆ. ಯಶಸ್ಸಿನ ಗುಟ್ಟು ಅಲ್ಲಿದೆ.

ನುಂಗಿದ ಮಾತ್ರೆ ಕರುಳಿನಿಂದ ಎಷ್ಟು ಹೀರಿಕೆಯಾಗುತ್ತದೆ ಎಂಬ ಪ್ರಶ್ನೆ ತುಸು ಜಟಿಲ. ಇದಕ್ಕಾಗಿ ಔಷಧ ಕಂಪನಿಗಳು ದಶಕಗಳಿಂದ ನೆಚ್ಚಿಕೊಂಡಿರುವ ಕಾಕೊ-2 ಕೋಶಗಳು ದೊಡ್ಡಕರುಳಿನ ಕ್ಯಾನ್ಸರ್ ಗಡ್ಡೆಯಿಂದ ಬಂದವು. ಹೀರಿಕೆ ಮುಖ್ಯವಾಗಿ ನಡೆಯುವುದು ಸಣ್ಣಕರುಳಿನಲ್ಲಿ. ಅಲ್ಲಿನ ಗೋಡೆಯಲ್ಲೇ ಅನೇಕ ಔಷಧಗಳನ್ನು ಒಡೆಯುವ ಸಿವೈಪಿ3ಎ4 ಕಿಣ್ವ ಕಾಕೊ-2ರಲ್ಲಿ ತೀರಾ ಕಡಿಮೆ. ಸಣ್ಣಕರುಳಿನ ಆರ್ಗನಾಯ್ಡ್ ಈ ಕೊರತೆ ತುಂಬಬಲ್ಲದು. ತೊಡಕೆಂದರೆ, ಆಹಾರ ಹಾಯುವ ಬದಿ ಅದರಲ್ಲಿ ಒಳಮುಖವಾಗಿರುತ್ತದೆ. ಹೊರಗಿನ ದ್ರವಕ್ಕೆ ಹಾಕಿದ ಔಷಧ ರಕ್ತದ ಕಡೆಯಿಂದ ತಾಗುತ್ತದೆ. ಹೀಗಾಗಿ ಆರ್ಗನಾಯ್ಡನ್ನು ಬಿಡಿಸಿ ಜರಡಿಯಂಥ ಪೊರೆಯ ಮೇಲೆ ಹಾಸಾಗಿ ಬೆಳೆಸುತ್ತಾರೆ, ಇಲ್ಲವೇ ಒಳಹೊರಗು ಮಾಡುತ್ತಾರೆ. ಇನ್ನೊಂದು ವಿಪರ್ಯಾಸವೂ ಇದೆ. ಇವನ್ನು ಸಾಮಾನ್ಯವಾಗಿ ಬೆಳೆಸುವ ಮ್ಯಾಟ್ರಿಜೆಲ್ ಎಂಬ ಲೋಳೆ ತಯಾರಾಗುವುದೇ ಇಲಿಯ ಗಡ್ಡೆಯಿಂದ!

ಕರುಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಹೀರಿಕೆಯಾದದ್ದು ಯಕೃತ್ತನ್ನು ಹಾಯ್ದೇ ಮುಂದೆ ಹೋಗಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕಾಕೊ-2ಗೂ ಯಕೃತ್ತಿಲ್ಲ, ಆದರೂ ಅದರ ಫಲಿತಾಂಶವನ್ನು ಬೇರೆ ಲೆಕ್ಕಗಳ ಜೊತೆ ಸೇರಿಸಿ ಬಳಸುತ್ತಲೇ ಬಂದಿದ್ದೇವೆ. ಅಪೂರ್ಣತೆಗಿಂತ ನನ್ನನ್ನು ಹೆಚ್ಚು ಕಾಡುವುದು, ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದರಲ್ಲಿ ಮರುಕಳಿಸದಿರುವ ಸಾಧ್ಯತೆ. ಯಾರ ಕೋಶ, ಎಷ್ಟು ದಿನ ಬೆಳೆಸಿದ್ದು, ಯಾವ ಲೋಳೆಯಲ್ಲಿ ಎಂಬುದರ ಮೇಲೆ ಉತ್ತರ ಬದಲಾಗಬಹುದು.

ಭಾರತ 2023ರ ಮಾರ್ಚ್‌ನಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳನ್ನು ತಿದ್ದಿ ಇಂಥ ಪರೀಕ್ಷೆಗಳಿಗೆ ಬಾಗಿಲು ತೆರೆಯಿತು. ಅಮೆರಿಕ ಅದಕ್ಕೂ ಕೆಲವೇ ತಿಂಗಳ ಮೊದಲು ಅಂಥದ್ದೇ ಕಾನೂನು ತಂದಿತ್ತು. ಅನುಮತಿಯ ಬೆನ್ನಿಗೇ ನಮ್ಮ ಜನರ ಕೋಶಗಳ ಸಂಗ್ರಹವೂ ಬೇಕು. ಹೃದ್ರೋಗಿಗಳಿಗೆ ಕೊಡುವ ಕ್ಲೋಪಿಡೋಗ್ರೆಲ್ ಅನ್ನು ಸಕ್ರಿಯಗೊಳಿಸುವ ಸಿವೈಪಿ2ಸಿ19 ಕಿಣ್ವ ದುರ್ಬಲವಾಗಿರುವವರು ಯುರೋಪಿಗಿಂತ ದಕ್ಷಿಣ ಏಷ್ಯಾದಲ್ಲಿ ಹೆಚ್ಚು. ಬರೀ ಯುರೋಪಿಯನ್ನರ ಕೋಶಗಳನ್ನು ತರಿಸಿ ಪರೀಕ್ಷಿಸಿದರೆ ಈ ವ್ಯತ್ಯಾಸ ಸರಿಯಾಗಿ ಕಾಣದು. ಕೆಲಸವನ್ನು ಹೀರಿಕೆಯಿಂದಲೇ ಶುರುಮಾಡಬಹುದು. ಮನುಷ್ಯರಲ್ಲಿ ಎಷ್ಟು ಹೀರಿಕೆಯಾಗುತ್ತವೆಂದು ಈಗಾಗಲೇ ದಾಖಲಾಗಿರುವ ಹಳೆಯ ಮಾತ್ರೆಗಳು ಬೇಕಾದಷ್ಟಿವೆ. ಅವುಗಳ ಹೆಸರು ಮುಚ್ಚಿಟ್ಟು ಹಲವು ಪ್ರಯೋಗಾಲಯಗಳಿಗೆ ಕೊಟ್ಟು, ಬಂದ ಅಂಕಿಅಂಶಗಳನ್ನು, ತಪ್ಪಿದವುಗಳನ್ನೂ ಸೇರಿಸಿ, ಔಷಧ ನಿಯಂತ್ರಕರು ಪ್ರಕಟಿಸಲಿ.