ಹಾರ ಹಾಕಿದ್ದಾಯಿತು, ಪುಸ್ತಕವೆಲ್ಲಿ?

ನಮ್ಮ ಜಿಲ್ಲೆಯ ಕಥೆಗಾರ್ತಿ ಬಾನು ಮುಷ್ತಾಕರಿಗೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಬಹುಮಾನ ಸಂದದ್ದೂ ಅದೇ ಮೊದಲು. ಹಾರ, ಶಾಲು, ಭಾಷಣಗಳಿಗೆ ಕೊರತೆಯಾಗಲಿಲ್ಲ. ವೇದಿಕೆ ಏರಿದ ಮಹನೀಯರಲ್ಲಿ ಎಷ್ಟು ಮಂದಿ ಆಕೆಯ ಒಂದು ಕಥೆಯನ್ನಾದರೂ ಓದಿದ್ದರು ಎಂದು ಕೇಳಿದರೆ ನಮ್ಮನ್ನು ಹೊಟ್ಟೆಕಿಚ್ಚಿನವರೆನ್ನುತ್ತಾರೆ. ಅನ್ನಲಿ, ನಾವು ಕೇಳಿಯೇ ಕೇಳುತ್ತೇವೆ.

ಅದೇ ವರ್ಷದ ಮೈಸೂರು ದಸರೆಯನ್ನು ಆಕೆ ಉದ್ಘಾಟಿಸಬೇಕೆಂದು ಸರಕಾರ ಕರೆದಾಗ ಎದ್ದ ಗದ್ದಲ ವಾಚಕ ಬಂಧುಗಳಿಗೆ ನೆನಪಿದೆ. ಮುಸ್ಲಿಂ ಹೆಂಗಸು ಚಾಮುಂಡಿಗೆ ಹೂ ಹಾಕುವುದು ಸಲ್ಲದೆಂದು ಕೆಲವರು ಹೈಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿಗೂ ಹೋದರು. ಎರಡೂ ಕಡೆ ಅರ್ಜಿ ವಜಾ ಆಯಿತು. ಸೆಪ್ಟೆಂಬರ್ 22ರಂದು ದಸರೆ ಆಕೆಯ ಕೈಯಿಂದಲೇ ಆರಂಭವಾಯಿತು. ಆದರೆ ವಾರಗಟ್ಟಲೆ ಸಂತೆ, ಹೋಟೆಲು, ಬಸ್‌ಸ್ಟ್ಯಾಂಡುಗಳಲ್ಲಿ ನಡೆದ ವಾದದಲ್ಲಿ ಪುಸ್ತಕದ ಸುದ್ದಿ ನಮ್ಮ ಕಿವಿಗೆ ಬೀಳಲೇ ಇಲ್ಲ. ಜೈಕಾರದವರೂ ಧಿಕ್ಕಾರದವರೂ ಓದದೆಯೇ ಕೂಗಿದರು. ಓದಿದ್ದರೆ ಎರಡು ಕಡೆಯವರಿಗೂ ಇರುಸುಮುರುಸಾಗುತ್ತಿತ್ತು.

ಏಕೆಂದರೆ ಈಕೆ ಜಗಳ ತೆಗೆದದ್ದು ಮೊದಲು ತಮ್ಮ ಮನೆಯವರೊಡನೆ. ಹೆಂಗಸರಿಗೂ ಮಸೀದಿಯ ಬಾಗಿಲು ತೆರೆಯಬೇಕೆಂದದ್ದಕ್ಕೆ 2000ದಲ್ಲಿ ಬಹಿಷ್ಕಾರವನ್ನೂ ಉಂಡರು. ‘ಕರಿನಾಗರಗಳು’ ಎಂಬ ಕಥೆಯಲ್ಲಿ, ಮೂರು ಹೆಣ್ಣು ಹೆತ್ತಳೆಂಬ ತಪ್ಪಿಗೆ ಗಂಡ ಬಿಟ್ಟುಹೋದ ಬಡವಿಯೊಬ್ಬಳು ನ್ಯಾಯ ಕೇಳಿ ಮಸೀದಿಯ ಮುಂದೆ ಕೂರುತ್ತಾಳೆ. ನ್ಯಾಯ ಕೊಡಬೇಕಾದ ಮುತವಲ್ಲಿ ಮುಖ ತಿರುಗಿಸುತ್ತಾನೆ, ಕೈಯಲ್ಲಿದ್ದ ಮಗು ಸಾಯುತ್ತದೆ. ಗಿರೀಶ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಚಿತ್ರ ತೆಗೆದದ್ದು ಈ ಕಥೆಯಿಂದ. ‘ಎದೆಯ ಹಣತೆ’ಯಲ್ಲಿ ಗಂಡ ಇನ್ನೊಬ್ಬಳ ಹಿಂದೆ ಹೋಗುತ್ತಾನೆ, ತವರಿನ ಅಣ್ಣತಮ್ಮಂದಿರು ಮಾನದ ಮಾತಾಡಿ ವಾಪಸು ಕಳಿಸುತ್ತಾರೆ, ಅವಳು ಸೀಮೆಎಣ್ಣೆ ಡಬ್ಬಕ್ಕೆ ಕೈ ಹಾಕುತ್ತಾಳೆ. ಇದು ಮುಸಲ್ಮಾನರ ಮನೆಯ ಸಂಗತಿ, ನಮಗೇನು ಎನ್ನುವವರು ತಮ್ಮ ಬೀದಿಯಲ್ಲೇ ನಾಲ್ಕು ಮನೆ ವಿಚಾರಿಸಿ ಬರಲಿ. ಆ ಡಬ್ಬ ಯಾವ ಜಾತಿಯದು?

‘ಕೆಂಪು ಲುಂಗಿ’ಯನ್ನು ನಮ್ಮ ಮಿಲ್ಲಿನ ಗೆಳೆಯರು ತಪ್ಪದೆ ಓದಬೇಕು. ಶ್ರೀಮಂತರ ಮನೆಯವರು ಊರಿನ ಬಡಮಕ್ಕಳಿಗೆ ಸಾಮೂಹಿಕ ಸುನ್ನತಿ ಮಾಡಿಸುತ್ತಾರೆ, ತಮ್ಮ ಮಗನಿಗೆ ಮಾತ್ರ ಡಾಕ್ಟರರ ಕೈಯಲ್ಲಿ. ಗಾಯಕ್ಕೆ ಬೂದಿ ಹಚ್ಚಿಸಿಕೊಂಡ ಬಡಹುಡುಗ ಎದ್ದು ಓಡಾಡುತ್ತಾನೆ, ಉಪಚಾರದ ಹುಡುಗ ನರಳುತ್ತಾನೆ. ನಗುನಗುತ್ತಲೇ ಇಷ್ಟನ್ನು ಹೇಳುವ ಕಥೆ ನಮ್ಮಲ್ಲಿ ಹೆಚ್ಚಿಲ್ಲ.

ಕಥೆ ಓದಲು ಪುರಸೊತ್ತೆಲ್ಲಿ ಎಂಬ ಮಾತು ನಮಗೆ ಗೊತ್ತು. ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿಗೆ ಕಾಯುವ ಹೊತ್ತಿನಲ್ಲಿ ಒಂದು ಕಥೆ ಮುಗಿಯುತ್ತದೆ. ಕೊಬ್ಬರಿ ಮಂಡಿಯಲ್ಲಿ ತೂಕದ ಸರದಿ ಬರುವಷ್ಟರಲ್ಲಿ ಇನ್ನೊಂದು. ಕಾದಂಬರಿಗೆ ವಾರಗಟ್ಟಲೆ ಬಿಡುವು ಬೇಕು. ಎರಡು ಪಾಳಿಯ ನಡುವಿನ ಮನುಷ್ಯನಿಗೆಂದೇ ಇರುವುದು ಸಣ್ಣಕಥೆ.

ಪುರಸೊತ್ತಿಗಿಂತ ದೊಡ್ಡ ಪ್ರಶ್ನೆ, ಪುಸ್ತಕ ಸಿಗುವುದೆಲ್ಲಿ? ಇಲ್ಲಿ ಲೆಕ್ಕದ ಮಾತಿಗೆ ಬರೋಣ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಸ್ವಂತ ಮಳಿಗೆಯವನು ರಸೀತಿ ಪಡೆದು ಕೊಡುತ್ತಾನೆ, ಬಾಡಿಗೆ ಅಂಗಡಿಯವನು ಬಾಡಿಗೆಯೊಳಗೇ ಕೊಡುತ್ತಾನೆ. ಆ ದುಡ್ಡು ಪುಸ್ತಕಕ್ಕೆ, ಕೊಠಡಿಗೆ, ಬೆಳಕಿಗೆ ಮೀಸಲು. ಬೆಂಗಳೂರಿನ ಪಾಲಿಕೆ ಹೀಗೆ ವಸೂಲು ಮಾಡಿದ ಕರದಲ್ಲಿ ನೂರಾರು ಕೋಟಿ ರೂಪಾಯಿ ಇಲಾಖೆಗೆ ಕಟ್ಟದೆ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ನಮ್ಮ ಊರುಗಳ ಲೆಕ್ಕವನ್ನು ಕೇಳುವ ಹಕ್ಕು ನಮಗುಂಟು.

ಬೇಲೂರು, ಹಳೇಬೀಡಿನ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಸಂತೋಷ. ಬೇಲೂರಿನಲ್ಲಿ ದಾಸೋಜ, ಚಾವಣ ಮೊದಲಾದ ಶಿಲ್ಪಿಗಳು ತಾವು ಕಡೆದ ಕಲ್ಲಿನ ಮೇಲೆ ಹೆಸರು ಬರೆದಿದ್ದಾರೆ. ಗೈಡು ಅದನ್ನು ಬೆರಳಿಟ್ಟು ತೋರಿಸುತ್ತಾನೆ. ಸುಮಾರು ಕ್ರಿ.ಶ. 450ರದೆನ್ನುವ, ಕನ್ನಡದ ಹಳೆಯ ಶಾಸನವೆಂದು ಎಲ್ಲರೂ ಓದಿರುವ ಹಲ್ಮಿಡಿಯೂ ಬೇಲೂರು ತಾಲ್ಲೂಕಿನದೇ. ಹದಿನೈದು ಶತಮಾನದ ಹಿಂದಿನ ಬರೆಹಕ್ಕೆ ನಮ್ಮಲ್ಲಿ ಗೌರವವುಂಟು. ಪಕ್ಕದ ಊರಿನ ಹೆಂಗಸು ಈಗ ಬರೆದದ್ದು ವಾಚನಾಲಯದ ಬೀರುವಿನಲ್ಲಿ ಉಂಟೇ ಎಂದು ನೋಡಿಬರಲು ಮಾತ್ರ ಕಾಲು ಏಳುವುದಿಲ್ಲ.

ಬಹುಮಾನ ಬಂದ ಒಂದೇ ಹೆಸರನ್ನು ಹಿಡಿದು ಕೂರಬೇಕೆಂದು ನಾವು ಹೇಳುತ್ತಿಲ್ಲ. ಬಹುಮಾನವೇ ಅಳತೆಗೋಲಾದರೆ ಲಂಡನ್ನಿನವರು ಹೇಳುವತನಕ ನಮಗೆ ನಮ್ಮ ಕಥೆಗಾರರು ಕಾಣುವುದಿಲ್ಲ. ಬಾನು ಅವರ ಮೊದಲ ಸಂಕಲನ ಬಂದದ್ದು 1990ರಲ್ಲಿ! ಜಯಂತ ಕಾಯ್ಕಿಣಿಯವರ ‘ತೂಫಾನ್ ಮೇಲ್’ ತೆಗೆದುಕೊಳ್ಳಿ. ಹೊಟ್ಟೆಪಾಡಿಗೆ ಮುಂಬಯಿ ಸೇರಿದವರ ಬಾಳನ್ನು ಹೀಗೆ ಕಂಡವರು ಕಡಿಮೆ. ಅವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೂ 2018ರ ಸಾಲಿನ ಡಿಎಸ್‌ಸಿ ಬಹುಮಾನ ಬಂದಿತ್ತು, ಆಗ ಯಾರೂ ಹಾರ ಹಿಡಿದು ಓಡಿದ್ದು ನಮಗೆ ನೆನಪಿಲ್ಲ. ದಲಿತ ಕೇರಿಯ ಒಳಗಿನ ಮಾತು ಬೇಕಾದವರು ದೇವನೂರ ಮಹಾದೇವರ ‘ದ್ಯಾವನೂರು’ ಓದಿ ಮೊಗಳ್ಳಿ ಗಣೇಶರ ‘ಬುಗುರಿ’ಗೆ ಬರಲಿ. ವಸುಧೇಂದ್ರರ ‘ಮೋಹನಸ್ವಾಮಿ’ ಗಂಡಸನ್ನೇ ಪ್ರೀತಿಸುವ ಗಂಡಸಿನ ಕಥೆ. ಮುಜುಗರಪಡುವವರೇ ಮೊದಲು ಓದುವುದು ಒಳ್ಳೆಯದು. ಎಳೆಯರಲ್ಲಿ ದಾದಾಪೀರ್ ಜೈಮನ್‌ರ ‘ನೀಲಕುರಿಂಜಿ’ ಇದೆ, ಮಂಜುನಾಯಕ ಚಳ್ಳೂರರ ‘ಫೂ ಮತ್ತು ಇತರ ಕಥೆಗಳು’ ಇದೆ.

ಬರುವ ಭಾನುವಾರ ನಾಲ್ಕು ಜನ ಸೇರಿ ಊರಿನ ವಾಚನಾಲಯಕ್ಕೆ ಹೋಗಿ ಈ ಪುಸ್ತಕಗಳನ್ನು ಹೆಸರು ಹಿಡಿದು ಕೇಳಿ. ಇದ್ದರೆ ಮನೆಗೆ ಒಯ್ಯಿರಿ. ಇಲ್ಲವೆಂದರೆ ಗ್ರಂಥಪಾಲಕರೊಡನೆ ಜಗಳ ಬೇಡ, ಪುಸ್ತಕ ಕೊಳ್ಳುವ ಅಧಿಕಾರ ಸಾಮಾನ್ಯವಾಗಿ ಅವರ ಕೈಯಲ್ಲಿರುವುದಿಲ್ಲ. ಬೇಡಿಕೆಯನ್ನು ಬರೆದು, ಕರ ಕಟ್ಟಿದ ರಸೀತಿಯ ನಕಲು ಸೇರಿಸಿ, ಒಂದು ಪ್ರತಿಯನ್ನು ಜಿಲ್ಲಾ ಗ್ರಂಥಾಲಯಕ್ಕೂ ಇನ್ನೊಂದನ್ನು ಪುರಸಭೆಗೂ ಕೊಟ್ಟು ಮೊಹರು ಹಾಕಿಸಿಕೊಂಡು ಬನ್ನಿ. ಉತ್ತರ ಬರುವತನಕ ಹತ್ತು ಜನ ವಂತಿಗೆ ಹಾಕಿ ಒಂದು ಪುಸ್ತಕ ಕೊಂಡು, ಅಂಗಡಿಯಿಂದ ಅಂಗಡಿಗೆ ದಾಟಿಸಿರಿ. ರಟ್ಟು ಹರಿದರೆ ಹರಿಯಲಿ.