ಒಂದೊಂದೇ ಬದಲಾಯಿಸಿ ನೋಡೋಣ ಅನ್ನೋರಿಗೆ...

ಬೇಲೂರು-ಹಳೇಬೀಡು ನೋಡಲು ಬರುವವರಿಗೆ ನಮ್ಮ ಅರಸೀಕೆರೆ ಅಂದ್ರೆ ರೈಲಿಳಿಯೋ ಜಂಕ್ಷನ್, ಅಷ್ಟೆ. ನನಗೆ ಮಾತ್ರ ಇದು ತೆಂಗಿನ ನಾರಿನ ವಾಸನೆಯ ಊರು. ಇಲ್ಲಿನ ಒಂದು ಸಣ್ಣ ಘಟಕದಲ್ಲಿ ಸೂಪರ್‌ವೈಸರ್ ಆಗಿದ್ದೆ. ನಾರಿನ ಪುಡಿ ಒತ್ತಿ 5 ಕಿಲೋದ ಇಟ್ಟಿಗೆ ಮಾಡೋ ಕೆಲಸ.

ಇಟ್ಟಿಗೆ ಒಡೆಯತೊಡಗಿದವು. ಮಾಲೀಕರ ಸೂತ್ರ ಒಂದೇ: "ಒಂದ್ಸಲಕ್ಕೆ ಒಂದೇ ಬದಲಾಯಿಸಿ ನೋಡ್ರಿ." ಪುಡಿಯನ್ನು ಜಾಸ್ತಿ ಒಣಗಿಸಿದೆವು, ಉದುರಿತು. ಮೊದಲಿನ ಹಸಿಪುಡಿಗೇ ಒತ್ತಡ ಹೆಚ್ಚಿಸಿದೆವು, ಬಿರುಕು ಬಿಟ್ಟಿತು. ಎರಡೂ ಪ್ರಯೋಜನವಿಲ್ಲ ಅಂದಮೇಲೆ ತಪ್ಪು ಮನುಷ್ಯನದೇ ತಾನೆ? ಬೆಳಗಿನ ಪಾಳಿಯ ಹುಡುಗನ ಇಟ್ಟಿಗೆಗಳೇ ಹೆಚ್ಚು ಒಡೆದಿದ್ದವು. ಕೂಲಿ ಹಿಡಿದು ಅವನನ್ನು ಮನೆಗೆ ಕಳಿಸಲು ಹೊರಟರು.

ಒಂದು ವಾರ ಕೊಡಿ ಅಂತ ಕಾಡಿಬೇಡಿದೆ. ಪುಡಿ ಎರಡು ಬಗೆ, ಒತ್ತಡ ಎರಡು ಬಗೆ, ಹುಡುಗರು ಇಬ್ಬರು: ಒಟ್ಟು 8 ಜೋಡಣೆ. ಯಾವುದು ಮೊದಲು ಅಂತ ಚೀಟಿ ಎತ್ತಿ, ಪ್ರತಿಯೊಂದನ್ನೂ ಎರಡೆರಡು ಸಲ ಮಾಡಿದೆವು. ಹುಡುಗ ಬದಲಾದರೆ ಏನೂ ವ್ಯತ್ಯಾಸವಿಲ್ಲ. ಒಣಪುಡಿ, ಹೆಚ್ಚು ಒತ್ತಡ ಎರಡೂ ಒಟ್ಟಿಗೆ ಬಂದಾಗ ಮಾತ್ರ ಇಟ್ಟಿಗೆ ಗಟ್ಟಿ! ಬೆಳಗಿನ ಪಾಳಿಗೆ ಸಿಗುತ್ತಿದ್ದದ್ದು ಇಬ್ಬನಿ ಕುಡಿದ ಪುಡಿ. ಹುಡುಗನ ಕೆಲಸ ಉಳಿಯಿತು, ಹಿಡಿದ ಕೂಲಿ ಮಾತ್ರ ವಾಪಸ್ ಬರಲಿಲ್ಲ.

ಇದೇನು ನನ್ನ ಬುದ್ಧಿವಂತಿಕೆಯಲ್ಲ. ರೊನಾಲ್ಡ್ ಫಿಶರ್ 1935ರಲ್ಲೇ ಈ ಬಗ್ಗೆ ಪುಸ್ತಕ ಬರೆದರು. ಪರೀಕ್ಷಿಸಬೇಕಾದ ಅಂಶಗಳು ಹೆಚ್ಚಾದಾಗ ಪ್ರಯೋಗಗಳ ಸಂಖ್ಯೆ ಇಳಿಸುವ 'ಆರ್ಥೋಗೋನಲ್ ಅರೇ'ಗಳನ್ನು 1940ರ ದಶಕದಲ್ಲಿ ಕೊಟ್ಟವರು ಸಿ. ಆರ್. ರಾವ್. 1920ರಲ್ಲಿ ಅವರು ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಜಪಾನಿನ ಟಾಗುಚಿ ಅವುಗಳನ್ನು ಕಾರ್ಖಾನೆಗಳಿಗೆ ಒಯ್ದರು. ನಮ್ಮ ಇಂಜಿನಿಯರಿಂಗ್ ಹುಡುಗರು ಟಾಗುಚಿ ಹೆಸರನ್ನು ಬಾಯಿಪಾಠ ಮಾಡ್ತಾರೆ, ಲ್ಯಾಬ್ ರೆಕಾರ್ಡಿಗೆ ಸೀನಿಯರ್‌ಗಳ ರೀಡಿಂಗ್ ಕಾಪಿ ಹೊಡೀತಾರೆ!

"ಹೊಯ್ಸಳರ ಶಿಲ್ಪಿಗಳು ಯಾವ ಟೇಬಲ್ ಹಾಕಿದ್ರಪ್ಪಾ?" ಅಂತ ಮಾಲೀಕರು ನಕ್ಕರು. ಸ್ವಾಮಿ, ಬಳಪದ ಕಲ್ಲಿನ ಮೇಲೆ ಉಳಿ ತಪ್ಪಿದರೆ ಆ ಕ್ಷಣವೇ ಕಣ್ಣಿಗೆ ಕಾಣುತ್ತೆ. ನಮ್ಮ ಇಟ್ಟಿಗೆ ಒಡೆಯೋದು ಮೂರು ದಿನದ ಮೇಲೆ. ಅಷ್ಟರಲ್ಲಿ ಹತ್ತು ಕಾರಣ ಬೆರೆತು ಹೋಗಿರುತ್ತೆ.

ಅನುಭವ ಬೇಡ ಅನ್ನಲ್ಲ. ಏನೇನು ಪರೀಕ್ಷಿಸಬೇಕು ಅಂತ ಹೇಳೋದು ಅನುಭವವೇ. ಆದರೆ ತೀರ್ಪನ್ನೂ ಅದೇ ಕೊಡಬಾರದು, ಅದೂ ಇನ್ನೊಬ್ಬನ ಅನ್ನದ ವಿಷಯದಲ್ಲಿ. ಏನಂತೀರಿ? ಜಗಳಕ್ಕೆ ಬರೋರಿಗೂ ಸ್ವಾಗತ :)